ಕಂಪ್ಯೂಟರ್ ಅಣ್ಣ ಬರೆಸಿದ ನಾಲ್ಕು ಸಾಲು

ಕಂಪ್ಯೂಟರ್ ಅಣ್ಣನ ಬಲಗೈಯಲ್ಲಿ ಎರಡು ಬೆರಳು ಇರಲಿಲ್ಲ. ಉಳಿದ ಮೂರರಲ್ಲಿ ಅವರು ಕೀಬೋರ್ಡ್ ಕುಟ್ಟಿದರೆ ಟೇಬಲ್ ಮೇಲಿನ ಟೀ ಲೋಟ ಅದುರುತ್ತಿತ್ತು. ಬೆರಳು ಹೋಗಿದ್ದು ಪೀಣ್ಯದ ನಮ್ಮ ಕಾರ್ಖಾನೆಯ ತಗಡು ಒತ್ತುವ ಪ್ರೆಸ್ ಮೆಷಿನ್‌ನಲ್ಲೇ. ಗಾಯ ಮಾಗಿದ ಮೇಲೆ ಮಾಲೀಕರು ಅವರನ್ನು ಆಫೀಸಿನಲ್ಲಿ ಕೂರಿಸಿದರು. ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ ಪ್ರೋಗ್ರಾಂ ಬರೆಯುವುದು ಕಲಿತರು. ಆಮೇಲೆ ಮೆಷಿನ್ ಮೇಲೆ ಕೆಲಸಕ್ಕಿದ್ದ ನನ್ನನ್ನೂ ಅದಕ್ಕೆ ಎಳೆದರು.

ನಾನು ಎಸ್ಸೆಸ್ಸೆಲ್ಸಿ ಫೇಲು. "ನಂಗೆ ಇಂಗ್ಲಿಷ್ ಬರಲ್ಲಣ್ಣ" ಅಂದೆ.

"ಕಂಪ್ಯೂಟರ್‌ಗೂ ಬರಲ್ಲ ಕಣೋ. ಕೂತ್ಕೋ."

ಯಾವ ಮೆಷಿನ್ ಓಡುತ್ತಿದೆ, ಯಾವುದು ನಿಂತಿದೆ ಎಂದು ಎಲ್ಲರಿಗೂ ತೋರಿಸುವ ವೆಬ್ ಅಪ್ಲಿಕೇಶನ್ ಮಾಡುತ್ತಿದ್ದರು. ಮಾಲು ಬದಲಿಸಲು ನಿಂತ ಮೆಷಿನ್‌ಗೆ ಸೂಪರ್‌ವೈಸರ್ 'ರೆಡಿ' ಬಟನ್ ಒತ್ತಬಹುದು. ರಿಪೇರಿಗೆ ನಿಂತಿದ್ದರೆ ಅದನ್ನು ಸರಿಮಾಡುವ ಫಿಟ್ಟರ್ ಮಾತ್ರ ಒತ್ತಬೇಕು. ಆ ಪುಟ ನನ್ನ ಪಾಲಿಗೆ ಬಂತು.

"ಕಣ್ಣಿಗೆ ಕಾಣೋದು ವ್ಯೂ. ಒತ್ತಿದ್ಮೇಲೆ ಕೆಲ್ಸ ಆಗ್ಬೇಕೋ ಬೇಡ್ವೋ ಅನ್ನೋದು ಕಂಟ್ರೋಲರ್. ತೀರ್ಮಾನ ವ್ಯೂ ಕೈಗೆ ಕೊಡ್ಬೇಡ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಮೆಷಿನ್ ರಿಪೇರಿಯಲ್ಲಿದ್ದರೆ ಸೂಪರ್‌ವೈಸರ್ ಪುಟದಲ್ಲಿ ಬಟನ್ನೇ ಕಾಣದ ಹಾಗೆ ವ್ಯೂನಲ್ಲಿ ಅಡಗಿಸಿದೆ. ಕಾಣದ ಬಟನ್ ಯಾರು ಒತ್ತುತ್ತಾರೆ? ಕಂಟ್ರೋಲರ್‌ನಲ್ಲಿ ಏನೂ ಬರೆಯಲಿಲ್ಲ.

"ಕಂಟ್ರೋಲರ್ ಆಯ್ತಾ?" ಎಂದು ಕೇಳಿದರು. "ಹೂಂ ಅಣ್ಣ" ಅಂದೆ. ಸುಳ್ಳು.

ಅಪ್ಲಿಕೇಶನ್ ಬಳಕೆಗೆ ಬಂದ ಮೊದಲ ದಿನವೇ ಎಡವಟ್ಟಾಯಿತು. ಮಾಲಿಗಾಗಿ ಮೆಷಿನ್ ನಿಂತಿದ್ದಾಗ ಸೂಪರ್‌ವೈಸರ್ ಪುಟ ತೆರೆದು ಇಟ್ಟಿದ್ದರು. ಅಷ್ಟರಲ್ಲಿ ಮೆಷಿನ್ ಕೆಟ್ಟು, ಫಿಟ್ಟರ್ ಅದನ್ನು ರಿಪೇರಿಗೆ ಹಾಕಿದ. ತೆರೆದಿಟ್ಟ ಪುಟ ಬದಲಾಗಲಿಲ್ಲ, ಬಟನ್ ಹಾಗೇ ಇತ್ತು. ಸೂಪರ್‌ವೈಸರ್ ಒತ್ತಿದರು. ಮೆಷಿನ್ ರೆಡಿ ಎಂದು ಸ್ಕ್ರೀನ್ ಹಸಿರಾಯಿತು. ಅದನ್ನು ನೋಡಿ ಆಪರೇಟರ್ ಸ್ವಿಚ್ ಹಾಕಿದ. ಫಿಟ್ಟರ್‌ನ ಎರಡೂ ಕೈ ಪ್ರೆಸ್ ಒಳಗಿದ್ದವು.

ಮೆಷಿನ್ ಅಲ್ಲಾಡಲಿಲ್ಲ. ಕೈ ಹಾಕುವ ಮುಂಚೆ ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳುವುದು ಅವನ ಅಭ್ಯಾಸ.

ಅಣ್ಣ ಕಂಟ್ರೋಲರ್ ತೆರೆದು ನೋಡಿದರು, ಖಾಲಿ. ಬೈಯಲಿಲ್ಲ. "ಹೋಗಿ ಆ ಫಿಟ್ಟರ್‌ಗೆ ನಿಜ ಹೇಳು" ಅಂದರು.

"ನೀವೂ ಬನ್ನಿ ಅಣ್ಣ."

"ನಾನ್ಯಾಕೆ? ಸುಳ್ಳು ಹೇಳಿದ್ದು ನೀನು."

ಫಿಟ್ಟರ್ ಬಾಗಲಕೋಟೆ ಕಡೆಯವನು. ಕೈ ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿದ. "ನಾ ನಿನ್ನ ಸ್ಕ್ರೀನ್ ನಂಬಿ ಕೈ ಹಾಕಂಗಿಲ್ಲೋ ತಮ್ಮಾ. ಆದ್ರ ನಾಳೆ ಒಬ್ಬ ಹೊಸಾಂವ ಬರ್ತಾನ. ಅಂವ ನಂಬತಾನ" ಅಂದ. ಕೆನ್ನೆಗೆ ಹೊಡೆದಿದ್ದರೆ ಎಷ್ಟೋ ವಾಸಿ ಇತ್ತು.

ವಾಪಸ್ ಬಂದಾಗ ಅಣ್ಣ ತಮ್ಮ ಕೈ ನೋಡಿಕೊಳ್ಳುತ್ತಿದ್ದರು. ಬೆರಳಿನ ವಿಷಯ ಅವರು ಎತ್ತಿದ್ದು ಅದೊಂದೇ ಸಲ. "ನನ್ ಮೆಷಿನ್ ಮೇಲೂ ಬೋರ್ಡಿತ್ತು ಕಣೋ, ಕೈ ಹಾಕಬೇಡಿ ಅಂತ. ಬೋರ್ಡು ಕೈ ಹಿಡ್ಕೊಳ್ಳುತ್ತಾ?"

ಕೂತು ಕಂಟ್ರೋಲರ್‌ನಲ್ಲಿ ನಾಲ್ಕು ಸಾಲು ಬರೆದೆ. ಯಾರು ಒತ್ತಿದರು ನೋಡು. ಮೆಷಿನ್ ಈ ಕ್ಷಣ ಹೇಗಿದೆ ನೋಡು. ರಿಪೇರಿಯಲ್ಲಿದ್ದು, ಒತ್ತಿದವನು ಫಿಟ್ಟರ್ ಅಲ್ಲದಿದ್ದರೆ ಬಿಡಬೇಡ. 'ಫಿಟ್ಟರ್ ಕೈ ಒಳಗಿದೆ' ಎಂದು ಹೇಳು. ಅಣ್ಣ ಹಳೇ ಪುಟ ತೆರೆದಿಟ್ಟುಕೊಂಡು ಮೂರು ಬೆರಳಲ್ಲೂ ಒತ್ತಿ ಒತ್ತಿ ನೋಡಿದರು. "ಈಗ ಊಟಕ್ಕೆ ಹೋಗು" ಅಂದರು.

ಆ ಕಲಿಕೆಯಿಂದಲೇ ನನಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿತು. ಹೋದ ವರ್ಷ ಅಣ್ಣ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ನಾನು ಊರೆಲ್ಲ ದಾಟಿ ಪೀಣ್ಯ ತಲುಪುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಕಾರ್ಖಾನೆ ಬಾಗಿಲಲ್ಲಿ ಅದೇ ಸೂಪರ್‌ವೈಸರ್ ಸಿಕ್ಕರು.

"ನೀನು ಹೋದ್ಮೇಲೆ ಪುಟದ ಬಣ್ಣಗಿಣ್ಣ ಎಲ್ಲ ಬದಲಾಯಿಸಿದ್ರು ಕಣೋ. ಇವತ್ ಬೆಳಿಗ್ಗೆ ಅರ್ಜೆಂಟಲ್ಲಿ ರೆಡಿ ಒತ್ತಿದೆ. ಫಿಟ್ಟರ್ ಕೈ ಒಳಗಿದೆ ಅಂತು. ಹೋದ್ಮೇಲೂ ಬೈತಾನಲ್ಲೋ ನಿಮ್ಮಣ್ಣ!"

ನಗಲು ಹೋಗಿ ಅವರು ಕಣ್ಣು ಒರೆಸಿಕೊಂಡರು. ಆ ಸಾಲು ಬರೆದವನು ನಾನೇ ಎಂದು ನಾನು ಹೇಳಲಿಲ್ಲ. "ಬಿಡಲ್ಲ ಸಾರ್ ಅವ್ರು" ಅಂದೆ.