ಗಾರ್ಡ್ ಕಾಕಾನ ಕಾಡು ರೇಷ್ಮೆ

ಮೊನ್ನೆ ಧಾರವಾಡದ ಮಾರುಕಟ್ಟೆಯಲ್ಲಿ ಕಳಿತ ಬಾರಿಹಣ್ಣಿನ, ಅದೇ ಎಲಚಿಹಣ್ಣಿನ, ವಾಸನೆ ಮೂಗಿಗೆ ಬಡಿಯಿತು. ಕೈಚೀಲ ಹಿಡಿದು ನಿಂತಲ್ಲೇ ನಿಂತುಬಿಟ್ಟೆ. ಕೆಲಗೇರಿಯ ಆ ಹಿತ್ತಲು, ಆಳೆತ್ತರದ ಬಾರಿ ಗಿಡ, ಅದರ ಎಲೆ ಎತ್ತಿ ನೋಡುತ್ತಿದ್ದ ಗಾರ್ಡ್ ಕಾಕಾ...

ಆಗ ನಾನು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಕೆಲಗೇರಿಯಲ್ಲಿ ಬಾಡಿಗೆ ಖೋಲಿ. ಪಕ್ಕದ ಖೋಲಿಯಲ್ಲಿ ಅವರು ಒಬ್ಬರೇ ಇದ್ದರು. ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಓಣಿಗೆಲ್ಲ ಕಾಕಾ.

ಮಳೆಗಾಲ ಆಗಷ್ಟೇ ಶುರುವಾಗಿತ್ತು. ಒಂದು ಸಂಜೆ ಬಚ್ಚಲಿನ ದೀಪ ಹಾಕಿದೆ. ಗೋಡೆಯ ಮೇಲೆ ಅಂಗೈಗಿಂತ ದೊಡ್ಡದೊಂದು ಜೀವ! ರೆಕ್ಕೆಗಳ ಮೇಲಿನ ನಾಲ್ಕು ಕಣ್ಣು ನನ್ನನ್ನೇ ನೋಡುತ್ತಿದ್ದವು. ಚೀರುತ್ತಲೇ ಕಸಬರಿಗೆಯಿಂದ ಬಡಿದೆ.

ಕಾಕಾ ಓಡಿ ಬಂದರು. ನೆಲಕ್ಕೆ ಬಿದ್ದದ್ದನ್ನು ಬೊಗಸೆಯಲ್ಲಿ ಎತ್ತಿಕೊಂಡರು. ಒಂದು ರೆಕ್ಕೆ ಹರಿದಿತ್ತು.

"ಪತಂಗ ಐತಿ ತಂಗಿ. ಅಂಜಬ್ಯಾಡ್ರಿ."

ಹರಿಯದ ರೆಕ್ಕೆಯನ್ನು ದೀಪಕ್ಕೆ ಹಿಡಿದರು. ಆ ಕಣ್ಣಿನೊಳಗಿಂದ ಬೆಳಕು ಆಚೆ ಬಂತು.

"ನೋಡ್ರಿ, ದುಂಡನ ಕಿಡಕಿ. ಮೂರು ಮೂಲಿ ಇದ್ದಿದ್ರ ಬ್ಯಾರೆ ಜಾತಿ. ಇದು ಟಸರ್, ಕಾಡು ರೇಷ್ಮಿ. ಹೊಟ್ಟಿ ದಪ್ಪ, ಮೀಸಿ ಸಣ್ಣವು... ಹೆಣ್ಣೈತಿ."

ಸಕ್ಕರೆ ನೀರು ಕಲಸಿ ಚಮಚದಲ್ಲಿ ತಂದೆ. ಕಾಕಾ ತಲೆಯಾಡಿಸಿದರು.

"ಇದಕ್ಕ ಬಾಯಿನ ಇಲ್ಲವಾ. ಹುಳ ಇದ್ದಾಗ ತಿಂದದ್ದ ತಿಂದದ್ದು. ರೆಕ್ಕಿ ಬಂದ ಮ್ಯಾಲ ಏನೂ ತಿನ್ನಂಗಿಲ್ಲ. ಎಂಟು ದಿನದಾಗ ತತ್ತಿ ಇಟ್ಟು ಹೋಗತೈತಿ."

ಚಮಚದ ನೀರನ್ನು ಬಚ್ಚಲಿಗೆ ಚೆಲ್ಲಿದೆ. ಬಾಯೇ ಇಲ್ಲದ ಜೀವ ನನ್ನನ್ನು ಕಚ್ಚೀತೆಂದು ಹೊಡೆದಿದ್ದೆ.

ಕಾಕಾ ಅದನ್ನು ಹಿತ್ತಲಿನ ಬಾರಿ ಗಿಡದ ಕೊಂಬೆಗೆ ಕೂರಿಸಿದರು. ಬೆಳಗ್ಗೆ ಎದ್ದು ನೋಡಿದರೆ ಕೆಂಗಂದು ಬಣ್ಣದ ಗಂಡು ಅದರ ಜೊತೆ ಕೂಡಿತ್ತು!

"ಇದೆಲ್ಲಿಂದ ಬಂತ್ರಿ ಕಾಕಾ?"

"ಹೆಣ್ಣಿನ ವಾಸನಿ ಹಿಡದು ಬಂದೈತಿ. ಎಷ್ಟ ದೂರದಿಂದನೋ ಏನೋ..."

ಹೆಣ್ಣು ತತ್ತಿಯಿಟ್ಟು ಸತ್ತಿತು. ಹತ್ತು ದಿನಕ್ಕೆ ಹುಳಗಳು ಹೊರಬಂದವು. ಪೊರೆ ಬಿಡುತ್ತ ಬಿಡುತ್ತ ಎಲೆಯಷ್ಟೇ ಹಸಿರಾದವು, ಬೆರಳಷ್ಟು ದಪ್ಪವಾದವು. ಒಂದು ದಿನ ಕೆಲಸ ಮುಗಿಸಿ ಬಂದರೆ ಗಿಡದ ಮೇಲೆಲ್ಲ ಬಿಳಿ ಪರದೆ. "ಕಾಗಿ ಕಾಟ ಭಾಳ ಆತು," ಎಂದು ಕಾಕಾ ನಕ್ಕರು. ಪರದೆಯೊಳಗೆ ಹುಳಗಳು ಗಟ್ಟಿ ಗೂಡು ಕಟ್ಟಿಕೊಂಡು ಕೊಂಬೆಗೆ ಜೋತುಬಿದ್ದವು. ಮುಂದಿನ ಮಳೆಗೆ ಪತಂಗವಾಗಿ ಬರುತ್ತವೆ, ಅಲ್ಲಿಯತನಕ ಮುಟ್ಟಬಾರದು ಎಂದಿದ್ದರು.

ಅದೇ ವಾರ ಕಾಕಾಗೆ ಜ್ವರ ಬಂತು. ಮೂರನೇ ದಿನ ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದೆ. ಡೆಂಗಿ ಎಂದರು. ಎರಡು ದಿನದಲ್ಲಿ ಮನೆಗೆ ಬರುತ್ತಾರೆಂದೇ ನಂಬಿದ್ದೆ. ಮರುದಿನ ಬೆಳಗ್ಗೆ ಗಂಜಿ ತೆಗೆದುಕೊಂಡು ಹೋದರೆ, ಅವರ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರು.

"ಅವ್ರು ನಸುಕಿನ್ಯಾಗ ತೀರಿಕೊಂಡ್ರಲ್ರಿ..." ಎಂದರು ಪಕ್ಕದ ಮಂಚದವರು. ನಾನು ಗಂಜಿಯ ಡಬ್ಬಿ ಹಿಡಿದು ಆ ಅಪರಿಚಿತನ ಮುಖವನ್ನೇ ನೋಡುತ್ತ ನಿಂತೆ.

ಗದಗದಿಂದ ಮಗಳು ಬಂದಳು. ದಿನಕರ್ಮ ಮುಗಿದ ಮೇಲೆ ಖೋಲಿ ಖಾಲಿ ಮಾಡುವಾಗ ನಾನೂ ಕೈಜೋಡಿಸಿದೆ. ಹಾಸಿಗೆ ಸುತ್ತುತ್ತಿದ್ದವಳು ತಟ್ಟನೆ ನಿಂತು ಕೇಳಿದಳು:

"ಅಕ್ಕಾರ, ಅಪ್ಪನ ಸೊಳ್ಳಿ ಪರದಿ ಎಲ್ಲೈತ್ರಿ? ಮಧ್ಯಾಹ್ನ ಅಡ್ಡಾಗಾಕೂ ಅವ್ರಿಗೆ ಅದು ಬೇಕಿತ್ತು."

ಮಂಚದ ನಾಲ್ಕು ಮೂಲೆಗೆ ಬಿದಿರಿನ ಕೋಲು ಬರಿದೇ ನಿಂತಿದ್ದವು. ಅವಳನ್ನು ಹಿತ್ತಲಿಗೆ ಕರೆದೊಯ್ದು ಗಿಡ ತೋರಿಸಿದೆ. ನಾನು ನುಗ್ಗಿ ಆ ಪರದೆ ಕಿತ್ತೆಸೆಯಲು ಹೋದರೆ ನನ್ನ ಮುಂಗೈ ಹಿಡಿದಳು.

"ಬ್ಯಾಡ್ರಿ. ಅಪ್ಪ ಕಟ್ಟಿದ್ದು. ಇರ್ಲಿ."

ಮರುವರ್ಷದ ಮಳೆಗೆ ಪತಂಗಗಳು ಬಂದವು. ಪರದೆ ನಾನೇ ಬಿಚ್ಚಿದೆ.

ಈಗ ಅಲ್ಲಿ ಗಿಡವೂ ಇಲ್ಲ, ಆ ಖೋಲಿಗಳೂ ಇಲ್ಲ. ಈ ಕಥೆ ಕೇಳಿದವರೆಲ್ಲ, ಯಾವ ಸೊಳ್ಳೆ ಎಲ್ಲಿ ಕಚ್ಚಿತೋ ಯಾರು ಬಲ್ಲರು ಎಂದು ಸಮಾಧಾನ ಹೇಳುತ್ತಾರೆ. ನಿಜವಿರಬಹುದು. ಆದರೆ ಪರದೆ ಎಲ್ಲಿಂದ ತಂದಿರಿ ಕಾಕಾ ಎಂದು ಆ ದಿನ ಒಂದು ಮಾತು ಕೇಳಬಹುದಿತ್ತು... ನಾನು ಕೇಳಲಿಲ್ಲ.