ಕೊಳವೆಯೊಳಗಿನ ದನಿ

ಇದು ನಾನು ಕಟ್ಟಿದ್ದಲ್ಲ. ನನ್ನ ಕಿವಿಯಾರೆ ಕೇಳಿದ್ದು. ನೀವು ನಂಬದಿದ್ದರೆ ಬೇಸರವೇನಿಲ್ಲ. ಶಿವಪ್ಪನ ಅವ್ವ ನಂಬಿದ್ದಳು.

ನಮ್ಮ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ. ಬೀಳಗಿಯ ನಾನು, ಬನಹಟ್ಟಿಯ ಶಿವಪ್ಪ, ಇಬ್ಬರೂ ಮುಂಬಯಿಯ ಭಾರಿ ಹೋಟೆಲೊಂದರಲ್ಲಿ ಬಡಿಸುವ ಕೆಲಸಕ್ಕಿದ್ದೆವು. ಗಿರಣಿ ಮಾಲೀಕರು, ವಿಲಾಯತಿ ಸಾಹೇಬರು ಉಣ್ಣುವ ಜಾಗ. ನಮ್ಮ ಕೈಗೆ ಬಿಳಿ ಕೈಗವಸು. ಅಡುಗೆಮನೆ ನೆಲಮಾಳಿಗೆಯಲ್ಲಿ. ಗೋಡೆಯೊಳಗೆ ಬಾವಿಯಂಥದೊಂದು ಸಂದಿ. ಅದರಲ್ಲಿ ಹಗ್ಗಕ್ಕೆ ಕಟ್ಟಿದ ಪೆಟ್ಟಿಗೆ ಊಟವನ್ನು ಮೇಲಿನ ಮಹಡಿಗಳಿಗೆಲ್ಲ ತರುತ್ತಿತ್ತು. ಪಕ್ಕದ ಹಿತ್ತಾಳೆ ಕೊಳವೆಗೆ ಬಾಯಿಟ್ಟು ಕೆಳಗಿನವರ ಜೊತೆ ಮಾತಾಡುತ್ತಿದ್ದೆವು.

ಆ ರಾತ್ರಿ ಗಿರಾಕಿಗಳು ಹೋದರು, ಅಡುಗೆಯವರೂ ಹೋದರು. ಕೆಳಗೆ ನಾನೇ ಬೀಗ ಹಾಕಿ ಬಂದೆ. ಶಿವಪ್ಪ ಗ್ಲಾಸು ಒರೆಸುತ್ತಿದ್ದ.

ಮೊದಲು ವಾಸನೆ ಬಂತು... ಕಾದ ಹಂಚಿನ ಮೇಲಿನ ಜೋಳದ ರೊಟ್ಟಿ. ಆ ಹೋಟೆಲಿನಲ್ಲಿ ಜೋಳದ ಹಿಟ್ಟೇ ಇರಲಿಲ್ಲ.

ಆಮೇಲೆ ಕೊಳವೆಯೊಳಗಿಂದ ಹೆಣ್ಣುದನಿ.

"ಶಿವೂ... ರೊಟ್ಟಿ ಆರಾಕತ್ತಾವು. ಉಣ್ಣಾಕ ಬಾ."

ಶಿವಪ್ಪ ಮೆಲ್ಲಗೆ ಗ್ಲಾಸು ಕೆಳಗಿಟ್ಟ. "ನಮ್ಮವ್ವ," ಎಂದ.

ನಿಮ್ಮವ್ವ ಊರಲ್ಲಿದ್ದಾಳೆ, ಕೆಳಗೆ ಬೀಗವಿದೆ ಎಂದು ಕೀಲಿ ತೋರಿಸಿದೆ. ಅವನು ಕೇಳಲಿಲ್ಲ. ಸಂದಿಯ ಬಾಗಿಲು ತೆರೆದು, ಒಳಗೆ ತಲೆ ಹಾಕಿ ಬಗ್ಗಿ, ಅವ್ವಾ ಅವ್ವಾ ಎಂದು ಅಳುತ್ತ ಕರೆದ.

ಮೇಲೆಲ್ಲೋ ಹಗ್ಗ ಕಿರುಗುಟ್ಟಿತು...

ಕೊರಳಪಟ್ಟಿ ಹಿಡಿದು ಎಳೆದೆ. ಇಬ್ಬರೂ ನೆಲಕ್ಕೆ ಬಿದ್ದೆವು. ಮೇಲಿನ ಮಹಡಿಯಲ್ಲಿ ನಿಲ್ಲಿಸಿದ್ದ ಪೆಟ್ಟಿಗೆ ಕಣ್ಣೆದುರೇ ಹಾದು ತಳಕ್ಕೆ ಅಪ್ಪಳಿಸಿತು. ಕಾವಲುಗಾರರನ್ನು ಕರೆದುಕೊಂಡು ಕೆಳಗಿಳಿದೆ. ಯಾರೂ ಇರಲಿಲ್ಲ. ಒಲೆಗಳು ತಣ್ಣಗಿದ್ದವು.

ಅವ್ವ ತೀರಿಹೋಗಿದ್ದಾಳೆಂದೇ ಶಿವಪ್ಪ ತಿಳಿದ. ಅವನೊಬ್ಬನನ್ನೇ ಕಳಿಸಲು ಮನಸ್ಸಾಗದೆ ನಾನೂ ರೈಲು ಹತ್ತಿದೆ. ಕುಡಚಿಯಲ್ಲಿಳಿದು ಬನಹಟ್ಟಿ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು.

ಅವ್ವ ಗಟ್ಟಿಮುಟ್ಟಾಗಿ ಬಾಗಿಲಲ್ಲೇ ಕೂತಿದ್ದಳು. ಶಿವಪ್ಪ ಕಾಲು ಹಿಡಿದು ಅತ್ತ. ಅವಳು ಎಂದೂ ನನ್ನನ್ನು ಕಂಡವಳಲ್ಲ; ಆದರೂ ನನಗೆ ನೀರು ತಂದಳು. ಅವಳು ಬದುಕಿದ್ದಾಳಲ್ಲ ಎಂಬ ಸಮಾಧಾನಕ್ಕೆ ನಾನು ನಕ್ಕುಬಿಟ್ಟೆ.

ತಂಬಿಗೆ ಚಾಚಿದ್ದ ಅವಳ ಕೈ ಹಿಂದಕ್ಕೆ ಹೋಯಿತು.

ಮಗನನ್ನು ಒಳಗೆ ಕರೆದು ಅವಳು ಹೇಳಿದ್ದೆಲ್ಲ ನನಗೆ ಕೇಳಿಸಿತು. ಹೋಟೆಲಿನಲ್ಲಿ ಪೆಟ್ಟಿಗೆ ಬಿದ್ದ ಅದೇ ರಾತ್ರಿ ಇಲ್ಲಿ ಬಾಗಿಲಾಚೆ ಶಿವಪ್ಪನ ದನಿ ಅವ್ವಾ ಎಂದು ಅಳುತ್ತ ಕರೆದಿತ್ತಂತೆ. ತೆಗೆಯಲೆಂದು ಅವಳು ಅಗಳಿಗೆ ಕೈ ಹಾಕಿದ್ದಳಂತೆ.

"ಮತ್ತ ಯಾಕ ತೆಗೀಲಿಲ್ಲಬೇ?"

"ನಿನ್ನ ಬಾಜೂಕ ಒಬ್ಬಾಂವ ನಗಾಕತ್ತಿದ್ದ." ದನಿ ತಗ್ಗಿಸಿದಳು. "ಹೊರಗ ನಿಂತಾನಲ್ಲ... ಅವನ ನಗೀನ ಅದು."

ಆ ರಾತ್ರಿ ನಾನು ಕಟ್ಟೆಯ ಮೇಲೆ ಮಲಗಿದೆ. ಒಳಗೆ ಅಗಳಿ ಬಿದ್ದ ಸಪ್ಪಳ ಕೇಳಿತು. ಅವಳ ಮೇಲೆ ಸಿಟ್ಟು ಬರಲಿಲ್ಲ.

ಅವನನ್ನು ಎಳೆದು ಉಳಿಸಿದವನು ನಾನು. ಆಗ ನಾನು ನಕ್ಕಿರಲಿಲ್ಲ.

ಹಾಗೆಂದೇ ನನ್ನ ನೆನಪು...