ಶಾಸಕ ಬೌದೇಲಿಯೊ ಮತ್ತು ನಾಲ್ಕು ಡಜನ್ ಮೊಟ್ಟೆ

ಬೌದೇಲಿಯೊ ಲೊಂಗೋರಿಯಾನ ಮುತ್ತಜ್ಜಿ ಎದುವಿಗೆಸ್, ಹೊಳೆಯ ಮೇಲೆ ಕೇಸು ಹಾಕಿದ ಹೆಂಗಸು. ಒಂದು ಮಹಾಪೂರದ ರಾತ್ರಿ, ಎರಡು ದೇಶಗಳ ಗಡಿಯಾದ ಆ ಹೊಳೆ ಮಗ್ಗುಲು ಬದಲಾಯಿಸಿ ಅವಳ ಹಿತ್ತಿಲಿನಲ್ಲಿ ಹರಿಯಿತು. ಮೆಕ್ಸಿಕೊದಲ್ಲಿ ಮಲಗಿದವಳು ಟೆಕ್ಸಾಸಿನಲ್ಲಿ ಎದ್ದಳು. ಹಿತ್ತಿಲಿನ ಆಡುಗಳು ಮಾತ್ರ ಆಚೆ ದಡದಲ್ಲೇ ಉಳಿದವು. ತಾನು ಎಲ್ಲಿಗೂ ಹೋಗಿಲ್ಲ, ಹೋದದ್ದು ಹೊಳೆ, ಆದ್ದರಿಂದ ಆಡುಗಳನ್ನು ಹೊಳೆಯೇ ತಂದುಕೊಡಬೇಕು ಎಂದು ಅವಳು ನ್ಯಾಯಾಧೀಶರ ಮುಂದೆ ವಾದಿಸಿದಳು. ತೀರ್ಪು ಬರುವ ತನಕ ದಿನಾ ಹಾಲು ಕರೆಯಬೇಕಲ್ಲ? ಅದಕ್ಕಾಗಿ ಅವಳ ಮಗ ಕ್ರಿಸೋಫೊರೊ ಎರಡೂ ದಡದ ಮರಗಳಿಗೆ ಹಗ್ಗ ಬಿಗಿದು, ಚಪ್ಪಟೆ ದೋಣಿಯೊಂದರ ಮೇಲೆ ತಾಯಿಯನ್ನು ನಿಲ್ಲಿಸಿ, ಹಗ್ಗ ಎಳೆಯುತ್ತಾ ದಾಟಿಸಿದ. ಅವನ ಮಗ ನೆಮೆಸಿಯೊ ತನ್ನ ಮದುವೆಯ ದಿನವೂ ಹಗ್ಗ ಎಳೆದ. ಮದುಮಗಳು ಆಚೆ ದಡದವಳು, ಇನ್ಯಾರು ಕರೆತರಬೇಕಿತ್ತು?

ಅದೇ ನಮ್ಮ ಲಾ ಪಲ್ಮಿತಾ ಊರಿನ ಕಡವು. ಇಂದಿಗೂ ನಾವು ಅಗ್ಗದಲ್ಲಿ ಹಲ್ಲು ಕೀಳಿಸಿಕೊಳ್ಳಲು ಅದರಲ್ಲೇ ಆಚೆ ದಡಕ್ಕೆ ಹೋಗಿಬರುತ್ತೇವೆ. ಅದು ಹೇಗೆ ಉಳಿಯಿತೆಂಬುದನ್ನು ಕಣ್ಣಾರೆ ಕಂಡವನು ನಾನು. ಆ ದಿನದ ಮೊಟ್ಟೆಯ ಲೋಳೆ ನನ್ನ ಟೋಪಿಯಿಂದ ಇನ್ನೂ ಹೋಗಿಲ್ಲ.

ನೆಮೆಸಿಯೊನ ಮಗ ಬೌದೇಲಿಯೊ ಹಗ್ಗ ಎಳೆಯಲಿಲ್ಲ. ಇಪ್ಪತ್ತು ವರ್ಷ ಲೆಕ್ಕದ ಮೇಷ್ಟರಾಗಿದ್ದು, ಆಮೇಲೆ ರಾಜ್ಯದ ಶಾಸಕನಾದ. ಯಾರು ಕರೆದರೂ ಇಲ್ಲವೆನ್ನದೆ ಚರ್ಚಿನ ಜ್ಞಾನಸ್ನಾನದಲ್ಲಿ ಎಪ್ಪತ್ತನಾಲ್ಕು ಮಕ್ಕಳಿಗೆ ಧರ್ಮತಂದೆಯಾದ. ನನ್ನ ಮಗಳಿಗೂ ಅವನೇ, ಹಾಗಾಗಿ ನಾವಿಬ್ಬರೂ ಕೊಂಪಾದ್ರೆಗಳು. ಹೊಟ್ಟೆ ಅವನಿಗಿಂತ ಅರ್ಧ ಗಳಿಗೆ ಮೊದಲು ಬಾಗಿಲು ದಾಟುತ್ತಿತ್ತು. ಬಾಯಿ ಹೊಟ್ಟೆಗಿಂತ ಮೊದಲು.

ಆ ಬಾಯಿಯೇ ತಂದಿಟ್ಟದ್ದು. ಐದು ಗಂಡಾಳು ಹಗ್ಗ ಎಳೆದು ಒಂದು ಕಾರು ದಾಟಿಸುವುದು ಸರ್ಕಸ್ಸೇ ಹೊರತು ಸಾರಿಗೆಯಲ್ಲ, ಕಡವು ಮುಚ್ಚಿಬಿಡಿ ಎಂದು ರಾಜಧಾನಿಯ ಸಾರಿಗೆ ಸಮಿತಿಯ ಅಧ್ಯಕ್ಷ ಹಾರ್ಲನ್ ಪ್ರೂಯಿಟ್ ಸಭೆಯಲ್ಲಿ ಹೇಳಿದ. ಬೌದೇಲಿಯೊ ಎದ್ದು ನಿಂತು, ಐದು ಆಳು ಯಾಕೆ, ತಾನೊಬ್ಬನೇ ಸಾಕು ಎಂದುಬಿಟ್ಟ. ಪ್ರೂಯಿಟ್ ಅದನ್ನು ಅಲ್ಲೇ ಬರೆಸಿಕೊಂಡ. ಈಸ್ಟರ್ ಭಾನುವಾರ ತಾನೇ ಬಂದು ಕಾರಿನೊಂದಿಗೆ ದೋಣಿ ಹತ್ತುತ್ತೇನೆ; ಇನ್ನೊಬ್ಬರ ಕೈ ಹಗ್ಗಕ್ಕೆ ತಾಗದೆ ಆಚೆ ದಡ ಮುಟ್ಟಿದರೆ ಕಡವು ಉಳಿಯುತ್ತದೆ, ತಾಗಿದರೆ ಸೋಮವಾರವೇ ಬೀಗ ಎಂದ.

ಇನ್ನು ಮೊಟ್ಟೆಯ ವಿಷಯ. ಈಸ್ಟರಿಗೆ ಮುಂಚಿನ ನಲವತ್ತು ದಿನ ನಮ್ಮವರು ಮೊಟ್ಟೆಯನ್ನು ಒಡೆಯುವುದಿಲ್ಲ. ತುದಿಗೆ ತೂತು ಮಾಡಿ, ಒಳಗಿನದನ್ನು ಬಾಣಲೆಗೆ ಸುರಿದು, ಚಿಪ್ಪನ್ನು ತೊಳೆದಿಡುತ್ತಾರೆ. ಹಬ್ಬಕ್ಕೆ ಬಣ್ಣ ಹಚ್ಚಿ, ಒಳಗೆ ಕಾಗದದ ಚೂರು ತುಂಬಿ, ತೂತಿಗೆ ತೆಳುಕಾಗದ ಅಂಟಿಸಿ, ಪ್ರೀತಿ ಇದ್ದವರ ತಲೆಯ ಮೇಲೆ ಒಡೆಯುತ್ತಾರೆ. ಆ ದಿನ ತಲೆ ಖಾಲಿಯಿದ್ದವನನ್ನು ಕಂಡರೆ ಪಾಪ ಅನ್ನಿಸುತ್ತದೆ. ಪ್ರತಿ ಮನೆಯವರೂ ತಮ್ಮ ಪಾಲಿನ ಚಿಪ್ಪು ತರಲೇಬೇಕು.

ಬೌದೇಲಿಯೊ ಆ ವರ್ಷ ಅಷ್ಟೂ ದಿನ ರಾಜಧಾನಿಯ ಹೋಟೆಲಿನಲ್ಲಿ ಉಂಡವನು. ಅವನ ಬಳಿ ಒಂದು ಚಿಪ್ಪೂ ಇರಲಿಲ್ಲ. ಹೆಂಡತಿ ಹೊರ್ತೆನ್ಸಿಯಾ ಫೋನಿನಲ್ಲಿ ವಿಚಾರಿಸಿದಾಗ ನಾಲ್ಕು ಡಜನ್ ಸಿದ್ಧವಾಗಿದೆ ಎಂದ. ಆಮೇಲೆ ಅಂಗಡಿಗೆ ಓಡಿ ನಾಲ್ಕು ಡಜನ್ ತಂದು, ಹೋಟೆಲಿನ ಕೋಣೆಯಲ್ಲಿ ಕೂತು ತೂತು ಕೊರೆದ. ಎರಡು ಡಜನ್ ಖಾಲಿ ಮಾಡುವಷ್ಟರಲ್ಲಿ ಸಭೆಗೆ ಹೊತ್ತಾಯಿತು. ಉಳಿದವಕ್ಕೆ ಇದ್ದ ಹಾಗೇ ಬಣ್ಣ ಬಳಿದು, ಕಾಗದ ಅಂಟಿಸಿ, ಸಂಜೆ ನೋಡಿಕೊಂಡರಾಯಿತು ಎಂದು ಹೋದ. ಸಂಜೆ ಮರೆತ.

ಈಸ್ಟರ್ ಮಧ್ಯಾಹ್ನ ದೋಣಿಯ ಮೇಲೆ ಪ್ರೂಯಿಟ್, ಅವನ ಕಾರು, ಬುಟ್ಟಿ ಹಿಡಿದ ಹೊರ್ತೆನ್ಸಿಯಾ, ಒಂಬತ್ತು ಧರ್ಮಮಕ್ಕಳು ಮತ್ತು ನಾನು. ಎರಡು ದಡದಲ್ಲೂ ಊರಿಗೆ ಊರೇ ನೆರೆದಿತ್ತು. ಬೌದೇಲಿಯೊ ಷರಟಿನ ತೋಳು ಮಡಚಿ ಹಗ್ಗ ಹಿಡಿದ. ದೋಣಿ ಹೊರಟಿತು. ನಿಜ ಹೇಳುತ್ತೇನೆ, ನಮಗೆಲ್ಲ ಆಶ್ಚರ್ಯವಾಯಿತು.

ಎರಡು ಕೈಯೂ ಹಗ್ಗದ ಮೇಲಿರುವ ಶಾಸಕ ಮತದಾರರ ಕೈಗೆ ದಿನಾ ಸಿಗುತ್ತಾನೆಯೇ? ಮಕ್ಕಳು ಮುತ್ತಿಕೊಂಡರು. ಟಪ್ ಟಪ್ ಎಂದು ಒಡೆದ ಚಿಪ್ಪುಗಳಿಂದ ಕೆಂಪು ಹಸಿರು ಚೂರು ಉದುರಿ ಅವನ ಮೀಸೆ ಹೂವಿನ ಪಾತಿಯಾಯಿತು. ಅತಿಥಿಯೊಬ್ಬನೇ ಸುಮ್ಮನೆ ನಿಂತಿದ್ದು ಹೊರ್ತೆನ್ಸಿಯಾಗೆ ಸರಿಕಾಣಲಿಲ್ಲ. ಬುಟ್ಟಿಯ ಅಡಿಯಿಂದ ನೀಲಿ ಮೊಟ್ಟೆಯೊಂದನ್ನು ಆರಿಸಿ ಕೊಟ್ಟಳು.

“ನೀವೂ ಒಂದು ಒಡೀರಿ ಸ್ವಾಮಿ. ಇಲ್ಲಾಂದ್ರೆ ಅವ್ರು ಬೇಜಾರು ಮಾಡ್ಕೋತಾರೆ.”

ಪ್ರೂಯಿಟ್ ನಾಚಿಕೊಂಡೇ ಮೆಲ್ಲಗೆ ಕುಟ್ಟಿದ. ಮೊಟ್ಟೆಯ ಹಳದಿ ಲೋಳೆ ಬೌದೇಲಿಯೊನ ಹಣೆಯಿಂದ ಇಳಿದು ಮೂಗಿನ ತುದಿಯಲ್ಲಿ ತೂಗಾಡಿತು. ಅತಿಥಿಯ ಮುಖ ಬೆಳ್ಳಗಾಯಿತು. ತನ್ನಿಂದ ದೊಡ್ಡ ಅಪಚಾರವಾಯಿತೆಂದು ಅವನು ಕ್ಷಮೆ ಕೇಳತೊಡಗಿದ.

“ಈ ನೀಲಿದು ಯಾರು ಮಾಡಿದ್ದು, ಮುದುಕಪ್ಪ?” ಎಂದಳು ಹೊರ್ತೆನ್ಸಿಯಾ.

“ನಾನೇ ಕಣೆ.”

“ಒಳಗಿಂದು ತೆಗೀಬೇಕು ಅಂತ ಗೊತ್ತಿರ್ಲಿಲ್ವಾ? ಲೆಕ್ಕದ ಮೇಷ್ಟ್ರು ಬೇರೆ.”

“ಅರ್ಧ ತೆಗೆದಿದ್ದೆ.”

ಬುಟ್ಟಿಯಲ್ಲಿ ಇನ್ನೂ ಇಪ್ಪತ್ತಮೂರು ಇವೆಯೆಂಬ ಲೆಕ್ಕ ಮಾತ್ರ ಮಕ್ಕಳಿಗೆ ಕ್ಷಣದಲ್ಲಿ ತಿಳಿಯಿತು. ಹೊರ್ತೆನ್ಸಿಯಾ ಬುಟ್ಟಿ ಎತ್ತಿಹಿಡಿಯುವಷ್ಟರಲ್ಲಿ ಅದು ಖಾಲಿ; ಒಂದು ನನ್ನ ಟೋಪಿಯ ಮೇಲೂ ಒಡೆದಿತ್ತು. ಲೋಳೆ ಬೌದೇಲಿಯೊನ ಕತ್ತಿನಿಂದ ತೋಳಿಗೆ, ತೋಳಿನಿಂದ ಅಂಗೈಗೆ ಇಳಿದು ಹಗ್ಗಕ್ಕೂ ಹತ್ತಿತು. ಅವನು ಎಳೆದರೆ ಕೈ ಬರುತ್ತಿತ್ತು, ದೋಣಿ ಬರುತ್ತಿರಲಿಲ್ಲ. ಪ್ಯಾಂಟಿಗೆ ಕೈ ಒರೆಸಿದ. ಪ್ಯಾಂಟು ಕೈಗಿಂತ ಜಾರುತ್ತಿತ್ತು. ಹೊಳೆಯ ನಟ್ಟನಡುವೆ, ಎರಡು ದೇಶದ ಗೆರೆಯ ಮೇಲೆ, ದೋಣಿ ನಿಂತೇ ಹೋಯಿತು.

ಎರಡೂ ದಡದ ಗಡಿ ಕಾವಲಿನವರು ಷರಟಿನ ತೋಳು ಮಡಚಿ ನೀರಿಗಿಳಿಯಲು ಸಿದ್ಧರಾದರು. ನಾನೂ ಎದ್ದೆ. ಕೊನೆಗೆ ಪ್ರೂಯಿಟನೇ ಕೋಟು ಕಳಚಿ, ತಾನು ಹಗ್ಗ ಮುಟ್ಟಿದ್ದನ್ನು ತಾನೇ ನೋಡಲಿಲ್ಲ ಎಂದು ಬರೆಯುತ್ತೇನೆ, ಸ್ವಲ್ಪ ಎಳೆದುಕೊಡಲೇ ಎಂದು ಕೇಳಿದ.

ಬೌದೇಲಿಯೊ ಮೀಸೆಯಿಂದ ಲೋಳೆ ಊದಿ, ಹಗ್ಗವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಇಡೀ ಹೊಟ್ಟೆಯನ್ನು ಹಿಂದಕ್ಕೆ ವಾಲಿಸಿದ. ದೋಣಿ ಒಂದು ಗೇಣು ಸರಿಯಿತು.

“ಯಾರೂ ಮುಟ್ಬೇಡಿ ಸ್ವಾಮಿ. ಜಂಬ ಕೊಚ್ಚಿದ್ದೂ ನಾನೇ, ಮೊಟ್ಟೆ ತಂದಿದ್ದೂ ನಾನೇ. ಕೊಂಪಾದ್ರೆ, ನೀನು ಕೂತ್ಕೋ, ನಿನ್ನ ಸೊಂಟ ಮೊದ್ಲೇ ಸರಿಯಿಲ್ಲ. ಬುತ್ತಿಗೆ ತಂದ ತಮಾಲೆ ಗಂಟು ಬಿಚ್ಚಿ ಎಲ್ರೂ ತಿನ್ನಿ, ಸಂಜೆ ಒಳಗೆ ದಡ ಮುಟ್ಟಿಸ್ತೀನಿ. ಹೊರ್ತೆನ್ಸಿಯಾ, ನಿನ್ನ ಶಾಲಿಂದ ನನ್ನ ಕಣ್ಣೂ ಒರೆಸ್ಬೇಡ ಕಣೆ, ಆಮೇಲೆ ಅದನ್ನೂ ಸಹಾಯ ಅಂತ ಬರ್ಕೊಂಡ್ಬಿಟ್ಟಾರು.”